ಟೈಟಾನಿಯಂ ಬಿಟ್ಟು ಉಕ್ಕಿನ ವಾಲ್ವ್: ಮೋಟೋಕ್ರಾಸ್ ಬೈಕಿನ ವಾಲ್ವ್ ದೋಷವನ್ನು ಲಕ್ಷಣಗಳಿಂದ ಹಿಡಿಯುವ ಕ್ರಮ

ಮಂಗಳೂರು, ಉಡುಪಿ ಕಡೆಯಲ್ಲಿ ನಾಲ್ಕು ಸ್ಟ್ರೋಕಿನ ಮೋಟೋಕ್ರಾಸ್ ಬೈಕ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಬೈಕ್ ಸ್ಟಾರ್ಟ್ ಆಗಲು ಹಟ ಹಿಡಿಯುತ್ತಿದೆ, ಟ್ಯಾಪೆಟ್ ಅಂತರ (ವಾಲ್ವಿನ ತುದಿಗೂ ಅದನ್ನು ಒತ್ತಿ ತೆರೆಯುವ ಕ್ಯಾಮಿಗೂ ನಡುವಿನ ಸಂದು) ಮತ್ತೆ ಮತ್ತೆ ಮುಚ್ಚಿಹೋಗುತ್ತಿದೆ. ಟೈಟಾನಿಯಂ ವಾಲ್ವುಗಳನ್ನು ತೆಗೆದು ಹೆಚ್ಚು ಬಾಳುವ ಸ್ಟೇನ್‌ಲೆಸ್ ಉಕ್ಕಿನ ವಾಲ್ವುಗಳನ್ನು ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ? ತಪ್ಪಬಹುದು. ಆದರೆ ಹಳೆಯ ವಾಲ್ವ್ ಯಾವುದರಿಂದ ಕೆಟ್ಟಿತೆಂದು ತಿಳಿಯದೆ ಹೊಸದನ್ನು ಕೂರಿಸಿದರೆ, ಅದು ಉಕ್ಕಿನದಾದರೂ ಅದೇ ಹಾದಿ ಹಿಡಿಯುತ್ತದೆ. ಆದ್ದರಿಂದ ಈ ಕೈಪಿಡಿ ಅಂಗಡಿಯಿಂದ ಆರಂಭವಾಗದೆ ಸವಾರನ ಕಣ್ಣಿಗೆ, ಕಿವಿಗೆ, ಕಿಕ್ ಹೊಡೆಯುವ ಕಾಲಿಗೆ ಗೊತ್ತಾಗುವ ಲಕ್ಷಣಗಳಿಂದ ಆರಂಭವಾಗುತ್ತದೆ.

ಮುಂದಿನದೆಲ್ಲ ಅರ್ಥವಾಗಬೇಕಾದರೆ ಒಂದು ಸಂಗತಿ ಮೊದಲೇ ಸ್ಪಷ್ಟವಾಗಬೇಕು. ಬೇರೆ ಭಾಗಗಳು ಸವೆದರೆ ಸಡಿಲವಾಗುತ್ತವೆ, ಸದ್ದು ಮಾಡುತ್ತವೆ. ವಾಲ್ವಿನ ಮುಖ ಸವೆದರೆ ಅಂತರ ಬಿಗಿಯಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಮುಖ ಸವೆದಷ್ಟೂ ವಾಲ್ವ್ ತನ್ನ ಸೀಟಿನೊಳಗೆ (ಮುಚ್ಚಿದಾಗ ಅದು ಒತ್ತಿ ಕೂರುವ ಉಂಗುರದೊಳಗೆ) ಆಳಕ್ಕೆ ಇಳಿಯುತ್ತದೆ, ಅದರ ಕಾಂಡದ ತುದಿ ಅಷ್ಟೇ ಮಟ್ಟಿಗೆ ಕ್ಯಾಮ್‌ಶಾಫ್ಟಿನ ಕಡೆಗೆ ಏರುತ್ತದೆ, ನಡುವಿನ ಅಂತರ ಕರಗುತ್ತದೆ. ಅಂತರ ಪೂರ್ತಿ ಮುಗಿದ ದಿನ ವಾಲ್ವ್ ಸೀಟಿನ ಮೇಲೆ ಪೂರ್ಣವಾಗಿ ಕೂರುವುದೇ ಇಲ್ಲ. ಹೀಗಾಗಿ ಎಂಜಿನ್ ಈಚೆಗೆ ಬಹಳ ಮೌನವಾಗಿದೆ ಎಂದು ಯಾರಾದರೂ ಸಂತೋಷದಿಂದ ಹೇಳಿದರೆ ನಾನು ಫೀಲರ್ ಗೇಜ್ (ಸಂದು ಅಳೆಯುವ ತೆಳು ಅಲಗುಗಳ ಕಟ್ಟು) ತೆಗೆದುಕೊಂಡು ಹೋಗುತ್ತೇನೆ.

ಟೈಟಾನಿಯಂ ಏಕೆ ಬಂತೆಂಬುದೂ ತಿಳಿದಿರಲಿ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಉಕ್ಕಿನದು ಸುಮಾರು 7.8 ಗ್ರಾಂ. 250 ಸಿಸಿಯ ಮೋಟೋಕ್ರಾಸ್ ಎಂಜಿನ್ 13,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ತೆರೆದು ಮುಚ್ಚಬೇಕು, ಆ ವೇಗದಲ್ಲಿ ಒಂದೊಂದು ಗ್ರಾಂ ತೂಕವೂ ಸ್ಪ್ರಿಂಗಿಗೆ ಹೊರೆ. ಯಮಾಹಾ 2001ರಲ್ಲಿ ತಂದ ವೈಝಡ್250ಎಫ್ ಬೈಕಿನ ಐದೂ ವಾಲ್ವುಗಳು ಟೈಟಾನಿಯಂನವು. ಹೋಂಡಾದ 2002ರ ಸಿಆರ್‌ಎಫ್450ಆರ್ ಮತ್ತು 2004ರ ಸಿಆರ್‌ಎಫ್250ಆರ್ ಬೈಕುಗಳಲ್ಲಿ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್ ಟೈಟಾನಿಯಂ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಉಕ್ಕು. ಟೈಟಾನಿಯಂ ಹಗುರ, ಗಟ್ಟಿ. ಆದರೆ ಉಜ್ಜಾಟವನ್ನು ಸಹಿಸುವ ಗುಣ ಅದಕ್ಕೆ ಸ್ವಂತವಾಗಿ ಇಲ್ಲ. ಆ ಗುಣವನ್ನು ಕೊಡುವುದು ಅದರ ಮುಖದ ಮೇಲಿನ ಅತಿ ತೆಳುವಾದ ಗಡಸು ಲೇಪ. ಲೇಪ ಇರುವವರೆಗೆ ವಾಲ್ವ್ ಸವೆಯದೆ ನಿಲ್ಲುತ್ತದೆ, ಲೇಪ ಹೋದ ಮೇಲೆ ಒಳಗಿನ ಮೆದು ಲೋಹ ಬೇಗಬೇಗನೆ ಸವೆಯುತ್ತದೆ.

ಕೈಹಾಕುವ ಮೊದಲು

ಪೆಟ್ರೋಲ್ ಟ್ಯಾಂಕ್ ಕಳಚುವ ಕೆಲಸ ಇರುವುದರಿಂದ ತೆರೆದ ಗಾಳಿಯಲ್ಲಿ, ಬೆಂಕಿ ಮತ್ತು ಬೀಡಿ-ಸಿಗರೇಟಿನಿಂದ ದೂರದಲ್ಲಿ ಕೆಲಸ ಮಾಡಬೇಕು. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷಿಸುವುದು ಪ್ರಾಣಕ್ಕೇ ಅಪಾಯ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಂದ ಗೊತ್ತಾಗುವುದಿಲ್ಲ. ವಾಲ್ವ್ ಸ್ಪ್ರಿಂಗ್ ಬಿಚ್ಚುವ ಹಂತಕ್ಕೆ ಹೋಗುವವರು ಕಣ್ಣಿಗೆ ಕನ್ನಡಕ ಹಾಕದೆ ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಅದರ ಪುಟ್ಟ ಲಾಕುಗಳು ಗುಂಡಿನಂತೆ ಹಾರುತ್ತವೆ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗುವುದಿಲ್ಲ, ತಳ್ಳಿದರೆ ಆಗುತ್ತದೆ

ವಾಲ್ವ್ ಬಿಗಿಯಾಗಿರುವುದರ ಅತ್ಯಂತ ಸಾಮಾನ್ಯ ಲಕ್ಷಣ ಇದು. ಕಿಕ್ ಹೊಡೆದಾಗ ಪಿಸ್ಟನ್ ನಿಧಾನವಾಗಿ ಏರುವುದರಿಂದ, ಪೂರ್ತಿ ಮುಚ್ಚದ ವಾಲ್ವಿನ ಸಂದಿನಿಂದ ಒತ್ತಡ ಸೋರಿಹೋಗಲು ಸಾಕಷ್ಟು ಸಮಯ ಸಿಗುತ್ತದೆ. ಇಳಿಜಾರಿನಲ್ಲಿ ತಳ್ಳಿ ಕ್ಲಚ್ ಬಿಟ್ಟಾಗ ಎಂಜಿನ್ ಹೆಚ್ಚು ವೇಗವಾಗಿ ತಿರುಗುತ್ತದೆ, ಸೋರುವುದಕ್ಕೆ ಮೊದಲೇ ಕಿಡಿ ಹೊತ್ತುತ್ತದೆ. ಆದರೂ ನೇರವಾಗಿ ವಾಲ್ವಿನ ಮೇಲೆ ಗುಮಾನಿ ಪಡುವ ಮೊದಲು ಖರ್ಚಿಲ್ಲದ ಮೂರು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಬಟ್ಟೆ ಒಣಗದಿರುವಾಗ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲ್ ಒಳ್ಳೆಯದಾಗಿ ಇರಲಾರದು. ಹಳೆಯದನ್ನು ಚೆಲ್ಲದೆ ಬೇರೆ ಡಬ್ಬಿಗೆ ಇಳಿಸಿ, ಹೊಸದನ್ನು ತುಂಬಿ, ಕಾರ್ಬುರೇಟರ್ ಇದ್ದರೆ ಬೌಲ್ ಬಿಚ್ಚಿ ಜೆಟ್ ಸ್ವಚ್ಛಮಾಡಬೇಕು. ಎರಡನೆಯದು ಪ್ಲಗ್. ಹೊಸ ಪ್ಲಗ್ ಹಾಕಿದಾಗ ಒಂದೆರಡು ದಿನ ಸರಿಯಾಗಿ ನಂತರ ಮತ್ತೆ ಹಟ ಆರಂಭವಾದರೆ ತಪ್ಪು ಪ್ಲಗ್ಗಿನದಲ್ಲ. ಬಿಗಿ ವಾಲ್ವಿನ ಬೈಕಿಗೆ ಹೊಸ ಪ್ಲಗ್ಗಿನ ಬಲವಾದ ಕಿಡಿ ಸ್ವಲ್ಪ ಕಾಲ ಆಸರೆ ಕೊಡುತ್ತದೆ, ಅಷ್ಟೇ. ಅನೇಕರು ಈ ಹಂತದಲ್ಲಿ ಪ್ಲಗ್ ಮೇಲೆ ಪ್ಲಗ್ ಬದಲಿಸುತ್ತ ಒಂದು ಋತುವನ್ನೇ ಕಳೆದುಬಿಡುತ್ತಾರೆ.

ಮೂರನೆಯದು ಏರ್ ಫಿಲ್ಟರ್, ಇಲ್ಲಿ ಸ್ವಲ್ಪ ನಿಲ್ಲಬೇಕು. ಫಿಲ್ಟರನ್ನು ಮಾತ್ರ ನೋಡಿದರೆ ಸಾಲದು. ಅದನ್ನು ಹೊರತೆಗೆದು, ಅದರ ಹಿಂದಿನ ರಬ್ಬರ್ ಕೊಳವೆಯ ಒಳಗೋಡೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಬೇಕು. ನಮ್ಮ ಮುರಕಲ್ಲಿನ ಪದವುಗಳ (ಗುಡ್ಡದ ಮೇಲಿನ ಬಯಲುಗಳ) ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಅದು ಕೆಂಪು, ಬಿಳಿಯ ಬಟ್ಟೆಯ ಮೇಲೆ ಒಂದು ಗೆರೆ ಮೂಡಿದರೂ ಕಣ್ಣಿಗೆ ಬೀಳುತ್ತದೆ. ಆ ಕೆಂಪು ಗೆರೆ ಕಂಡಿತೆಂದರೆ ಧೂಳು ಫಿಲ್ಟರನ್ನು ದಾಟಿ ಇನ್‌ಟೇಕ್ ವಾಲ್ವಿನವರೆಗೆ ಹೋಗಿದೆ ಎಂದೇ ಅರ್ಥ, ಮುಂದೆ ಕಾಣುವ ಸವೆತಕ್ಕೆ ಕಾರಣವೂ ಬಹುತೇಕ ಅಲ್ಲೇ ಸಿಕ್ಕಂತೆ. ಕಡಲ ಬದಿಯ ಮರಳಿನಲ್ಲಿ ಓಡಿಸುವವರಿಗೆ ಬಣ್ಣದ ಈ ಸಹಾಯ ಇಲ್ಲ. ಅವರು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ಮರಳಿನ ಕಿರಕಿರಿಯನ್ನು ಪರೀಕ್ಷಿಸಬೇಕು.

ಈ ಮೂರೂ ಸರಿಯಿದ್ದರೆ ಅಂತರ ಅಳೆಯುವ ಕೆಲಸ. ಸಾಮಾನ್ಯವಾಗಿ ಸರ್ವೀಸ್ ಕೈಪಿಡಿಗಳು ಎಂಜಿನ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕೆಂದು ಹೇಳುತ್ತವೆ. ಏಪ್ರಿಲ್-ಮೇ ತಿಂಗಳ ಮಂಗಳೂರಿನ ಮಧ್ಯಾಹ್ನ ಬಿಸಿಲಿಗೆ ನಿಂತ ಬೈಕ್ ಓಡದೆಯೇ ಆ ಬಿಸಿಗೆ ಮುಟ್ಟುತ್ತದೆ, ಆದ್ದರಿಂದ ರಾತ್ರಿಯಿಡೀ ನೆರಳಿನಲ್ಲಿ ಬಿಟ್ಟು ಬೆಳಗ್ಗೆ ಅಳೆಯುವುದೇ ಸರಿ. ಬೈಕನ್ನು ಮೊದಲು ತೊಳೆದು ಒಣಗಿಸಿ, ಟ್ಯಾಂಕ್ ಮತ್ತು ಹೆಡ್ ಕವರ್ ತೆಗೆದು, ಪ್ಲಗ್ ಬಿಚ್ಚಿ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ಮೇಲುತುದಿಗೆ ಬರುವಂತೆ ಕ್ರ್ಯಾಂಕ್ ತಿರುಗಿಸಿ ಗುರುತು ಕೂಡಿಸಬೇಕು. ಕ್ಯಾಮಿನ ಮೂಗು ವಾಲ್ವಿನಿಂದ ದೂರ ನೋಡುತ್ತಿರಬೇಕು. ಫೀಲರ್ ಗೇಜಿನ ಅಲಗು ಹಿಡಿದೂ ಹಿಡಿಯದಂತೆ ಜಾರಿದರೆ ಅದೇ ಅಳತೆ. ಉದಾಹರಣೆಗೆ 2004ರ ಸಿಆರ್‌ಎಫ್250ಆರ್‌ಗೆ ಇನ್‌ಟೇಕ್ 0.12 ಮಿ.ಮೀ., ಅದರಲ್ಲಿ 0.03 ಹೆಚ್ಚು-ಕಡಿಮೆ ಸಲ್ಲುತ್ತದೆ. ಐದು ವಾಲ್ವಿನ ವೈಝಡ್250ಎಫ್‌ಗೆ ಇನ್‌ಟೇಕ್ 0.10ರಿಂದ 0.15, ಎಕ್ಸಾಸ್ಟ್ 0.17ರಿಂದ 0.22 ಮಿ.ಮೀ. ನಿಮ್ಮ ಬೈಕಿನ, ನಿಮ್ಮ ವರ್ಷದ ಕೈಪಿಡಿಯಲ್ಲಿರುವ ಸಂಖ್ಯೆಯೇ ಅಂತಿಮ.

ಅಂತರ ಕಡಿಮೆಯಿದ್ದರೆ ಹಿಂದಿನದಕ್ಕಿಂತ ತೆಳುವಾದ ಶಿಮ್ (ಅಂತರ ಹೊಂದಿಸುವ ಪುಟ್ಟ ಲೋಹದ ಬಿಲ್ಲೆ) ಬೇಕು. ಹಳೆಯ ಶಿಮ್ಮಿನ ದಪ್ಪಕ್ಕೆ ಅಳೆದ ಅಂತರವನ್ನು ಕೂಡಿಸಿ, ಅದರಿಂದ ಇರಬೇಕಾದ ಅಂತರವನ್ನು ಕಳೆದರೆ ಹೊಸ ಶಿಮ್ಮಿನ ದಪ್ಪ ಸಿಗುತ್ತದೆ. ಹಳೆಯದು 1.90, ಅಳೆದದ್ದು 0.05, ಬೇಕಾದದ್ದು 0.12 ಎಂದಾದರೆ ಉತ್ತರ 1.83, 0.025ರ ಹೆಜ್ಜೆಯಲ್ಲಿ ಸಿಗುವ ಶಿಮ್ಮುಗಳಲ್ಲಿ 1.825 ಹಾಕಬೇಕು. ಇಲ್ಲಿ ಹಲವರು ಎಡವುವ ಒಂದು ಸ್ಥಳವಿದೆ. ನಿಮ್ಮಲ್ಲಿರುವ ಅತಿ ತೆಳುವಾದ ಅಲಗೂ ಒಳಹೋಗದಿದ್ದರೆ ಅಂತರ ಸೊನ್ನೆ ಎಂದು ಬರೆದುಕೊಂಡು ಲೆಕ್ಕ ಹಾಕಬಾರದು. ವಾಲ್ವ್ ಆಗಲೇ ಸೀಟಿನಿಂದ ಎದ್ದು ನಿಂತಿರಬಹುದು, ಎಷ್ಟು ಎದ್ದಿದೆ ಎಂಬುದು ಆ ಅಲಗಿಗೆ ಗೊತ್ತಾಗುವುದಿಲ್ಲ. ಮೊದಲು ಬಹಳ ತೆಳುವಾದ ಶಿಮ್ ಒಂದನ್ನು ಹಾಕಿ, ಕಾಣುವಷ್ಟು ಅಂತರ ಬರಿಸಿ, ಅದನ್ನು ಅಳೆದು ಆಮೇಲೆ ಲೆಕ್ಕ ಮಾಡಬೇಕು. ಶಿಮ್ಮಿನ ಮೇಲೆ ಕವುಚಿ ಕೂರುವ ಬಟ್ಟಲಿನಾಕಾರದ ಬಕೆಟ್ ಎತ್ತುವಾಗ ಎಣ್ಣೆಯ ಹಿಡಿತಕ್ಕೆ ಶಿಮ್ ಅದರ ಒಳಗೇ ಅಂಟಿಕೊಂಡು ಬಂದು ಕೆಳಗೆ ಬೀಳುವುದುಂಟು, ಆದ್ದರಿಂದ ಟೈಮಿಂಗ್ ಚೈನಿನ ಗುಂಡಿಗೆ ಸ್ವಚ್ಛವಾದ ಬಟ್ಟೆ ತುರುಕದೆ ಕ್ಯಾಮ್ ಬಿಚ್ಚಬಾರದು. ಕ್ಯಾಮ್ ಹಿಡಿಕೆಯ ಬೋಲ್ಟುಗಳನ್ನು ಟಾರ್ಕ್ ರೆಂಚ್ ಇಲ್ಲದೆ ಬಿಗಿದರೆ ಅಲ್ಯೂಮಿನಿಯಂ ಎಳೆ ಕಿತ್ತುಹೋಗುತ್ತದೆ. ಟಾರ್ಕ್ ರೆಂಚ್ ಇಲ್ಲದವರು ಅಳತೆಗೇ ನಿಲ್ಲಿಸಿ ಬೈಕನ್ನು ತಿಳಿದವರಿಗೆ ಒಪ್ಪಿಸುವುದು ಉತ್ತಮ.

ಬಿಸಿಯಾದ ಮೇಲೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ

ಬಿದ್ದಾಗ ಅಥವಾ ತಿರುವಿನಲ್ಲಿ ಎಂಜಿನ್ ನಿಂತಾಗ, ಇಪ್ಪತ್ತು ನಿಮಿಷ ಕಾಯದೆ ಬೈಕ್ ಜೀವ ಹಿಡಿಯದಿದ್ದರೆ ಎರಡು ಕಾರಣಗಳು ಮುಖ್ಯ. ಬಿದ್ದ ಬೈಕಿನ ಸಿಲಿಂಡರಿಗೆ ಹೆಚ್ಚು ಪೆಟ್ರೋಲ್ ಇಳಿದಿರುವುದು ಒಂದು. ಹಾಟ್ ಸ್ಟಾರ್ಟ್ ಲಿವರ್ (ಬಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಬಿಡುವ ಹಿಡಿ) ಇರುವ ಕಾರ್ಬುರೇಟರ್ ಬೈಕುಗಳಲ್ಲಿ ಅದನ್ನು ಎಳೆದು, ಥ್ರಾಟಲ್ ಮುಟ್ಟದೆ ಕಿಕ್ ಹೊಡೆದರೆ ಇದು ಪರಿಹಾರವಾಗುತ್ತದೆ. ಇನ್ನೊಂದು, ಬಿಸಿಗೆ ವಾಲ್ವಿನ ಕಾಂಡ ಉದ್ದವಾಗಿ ಉಳಿದಿದ್ದ ಅಲ್ಪ ಅಂತರವೂ ಮುಗಿದಿರುವುದು. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಲ್ಲಿ ಮಾತ್ರ ಹಟ ಹಿಡಿಯುವ ಬೈಕಿನ ಅಂತರ ಮಿತಿಯ ಅಂಚಿನಲ್ಲಿರುತ್ತದೆ. ಈ ಹಂತದಲ್ಲಿ ಸಿಕ್ಕಿಬಿದ್ದರೆ ಒಂದು ಶಿಮ್ಮಿನಲ್ಲಿ ಕೆಲಸ ಮುಗಿಯಬಹುದು. ಬಿಸಿ ಬೈಕನ್ನು ಸಿಟ್ಟಿನಿಂದ ಐವತ್ತು ಬಾರಿ ಒದೆಯುವುದರಿಂದ ಕಾಲಿಗೂ ಕಿಕ್ ಗೇರಿಗೂ ಪೆಟ್ಟು. ಬೈಕನ್ನು ತಳ್ಳಿಕೊಂಡು ಹೊರಗೆ ಬಂದು ಮರುದಿನ ಅಂತರ ಅಳೆಯಬೇಕು.

ಐಡ್ಲಿಂಗ್ ನಿಲ್ಲುವುದಿಲ್ಲ, ಕಾರ್ಬುರೇಟರಿನ ಕಡೆಗೆ ಪಟ್ ಎನ್ನುತ್ತದೆ

ಇನ್‌ಟೇಕ್ ವಾಲ್ವ್ ಮುಚ್ಚದಿದ್ದರೆ ಉರಿಯುವ ಅನಿಲದ ಒಂದು ಪಾಲು ಹಿಂದಕ್ಕೆ ಕಾರ್ಬುರೇಟರಿನೊಳಗೆ ಹೊರಳುತ್ತದೆ. ಆದರೆ ಅದೇ ಲಕ್ಷಣವನ್ನು ಬಿರುಕುಬಿಟ್ಟ ಇನ್‌ಟೇಕ್ ರಬ್ಬರ್ ಮತ್ತು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿಕೊಂಡಿರುವುದು ಕೂಡ ತೋರಿಸುತ್ತವೆ. ಅವೆರಡನ್ನೂ ನೋಡಿದ ಮೇಲೆಯೇ ಮೇಲೆ ಹೇಳಿದಂತೆ ಅಂತರ ಅಳೆಯಿರಿ. ಸೈಲೆನ್ಸರಿನಲ್ಲಿ ಮಾತ್ರ ಪಟಪಟ ಎನ್ನುತ್ತಿದ್ದರೆ ಮೊದಲು ಎಕ್ಸಾಸ್ಟ್ ಪೈಪಿನ ಗ್ಯಾಸ್ಕೆಟ್ ಸೋರುತ್ತಿದೆಯೇ ಎಂದು ನೋಡಬೇಕು.

ಶಿಮ್ ಬದಲಿಸಿ ಕೆಲವೇ ಗಂಟೆಗಳಲ್ಲಿ ಅಂತರ ಮತ್ತೆ ಮುಚ್ಚಿದೆ

ವಾಲ್ವ್ ಬದಲಿಸುವ ವಿಚಾರ ನಿಜವಾಗಿ ಹುಟ್ಟಬೇಕಾದದ್ದು ಇಲ್ಲಿ. ಟೈಟಾನಿಯಂ ವಾಲ್ವ್ ಹೊಸದರಲ್ಲಿ ಸೀಟಿಗೆ ಹೊಂದಿಕೊಳ್ಳುವಾಗ ಅಂತರ ಸ್ವಲ್ಪ ಬದಲಾಗುತ್ತದೆ, ಆಮೇಲೆ ದೀರ್ಘಕಾಲ ಕದಲುವುದಿಲ್ಲ. ಹಾಗೆ ಕದಲದೆ ಇದ್ದ ಅಂತರ ಒಂದು ದಿನ ಕದಲಿತೆಂದರೆ ಲೇಪ ಕೊನೆಗೆ ಬಂದಿದೆ. ನಾನು ಪಾಲಿಸುವ ಕಟ್ಟಳೆ ಹೀಗಿದೆ: ಅವರ್ ಮೀಟರಿನ ಗಂಟೆ, ಪ್ರತಿ ವಾಲ್ವಿನ ಅಂತರ, ಒಳಗಿರುವ ಶಿಮ್ಮಿನ ದಪ್ಪ, ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಮೊದಲ ಸಲ ಕದಲಿದಾಗ ಶಿಮ್ ಬದಲಿಸುತ್ತೇನೆ, ಎರಡನೆಯ ಸಲ ಬೇಗನೆ ಕದಲಿದರೆ ಶಿಮ್ ಡಬ್ಬಿಯನ್ನು ಮುಚ್ಚಿ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚುತ್ತೇನೆ. ಮೂರನೆಯ, ನಾಲ್ಕನೆಯ ಶಿಮ್ ಹಾಕುತ್ತ ಹೋದರೆ ವಾಲ್ವಿನ ಅಂಚು ತೆಳುವಾಗುತ್ತ, ಬಟ್ಟಲಿನಂತೆ ಗುಳಿಬೀಳುತ್ತ, ಕೊನೆಗೆ ತಲೆ ಮುರಿದು ಪಿಸ್ಟನ್ ಮೇಲೆ ಬೀಳುವ ಸಾಧ್ಯತೆ ಇದೆ. ಆಗ ವಾಲ್ವಿನ ಖರ್ಚಿನ ಜಾಗದಲ್ಲಿ ಇಡೀ ಎಂಜಿನ್ನಿನ ಖರ್ಚು ಬಂದು ಕೂರುತ್ತದೆ.

ಹೆಡ್ ಬಿಚ್ಚುವ ಮೊದಲು ಲೀಕ್‌ಡೌನ್ ಪರೀಕ್ಷೆ ಮಾಡಿಸುವುದು ಲಾಭಕರ. ಈ ಎಂಜಿನ್ನುಗಳ ಕ್ಯಾಮ್‌ಶಾಫ್ಟಿನಲ್ಲಿ ಕಿಕ್ ಹಗುರಗೊಳಿಸಲು ಸ್ವಯಂಚಾಲಿತ ಡಿಕಂಪ್ರೆಸರ್ ಇರುವುದರಿಂದ ಸಾಮಾನ್ಯ ಕಂಪ್ರೆಷನ್ ಗೇಜ್ ತೋರಿಸುವ ಕಡಿಮೆ ಸಂಖ್ಯೆಯನ್ನು ನಂಬುವಂತಿಲ್ಲ. ಲೀಕ್‌ಡೌನ್ ಪರೀಕ್ಷೆಯಲ್ಲಿ ಪಿಸ್ಟನ್ ಮೇಲುತುದಿಯಲ್ಲಿರುವಾಗ ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿಸಿ ಅದು ಎಲ್ಲಿಂದ ಹೊರಬರುತ್ತದೆ ಎಂದು ಆಲಿಸುತ್ತಾರೆ. ಏರ್ ಬಾಕ್ಸಿನ ಕಡೆ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನ ಕಡೆ ಬಂದರೆ ಎಕ್ಸಾಸ್ಟ್ ವಾಲ್ವ್, ಕ್ರ್ಯಾಂಕ್‌ಕೇಸಿನ ಬ್ರೀದರ್ ಕೊಳವೆಯಲ್ಲಿ ಬಂದರೆ ಪಿಸ್ಟನ್ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗಾಳಿ ತುಂಬಿಸಿದಾಗ ಪಿಸ್ಟನ್ ಕೂದಲೆಳೆಯಷ್ಟು ಸರಿದಿದ್ದರೂ ಕ್ರ್ಯಾಂಕ್ ಹಠಾತ್ತನೆ ತಿರುಗಬಲ್ಲದು. ಕ್ರ್ಯಾಂಕ್ ಬೋಲ್ಟಿನ ಮೇಲೆ ಸ್ಪ್ಯಾನರ್ ಬಿಟ್ಟು ಕಂಪ್ರೆಸರ್ ತೆರೆಯಬಾರದು, ಕಿಕ್ ಪೆಡಲಿನ ದಾರಿಯಲ್ಲಿ ಕಾಲು ಇಡಬಾರದು.

ಈಗ ನನ್ನ ಸ್ವಂತ ತಪ್ಪನ್ನು ಹೇಳಬೇಕು. ಮೂಡುಬಿದಿರೆಯ ಕಡೆಯ ಪದವೊಂದರಲ್ಲಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ನನ್ನ 250 ಸಿಸಿ ಬೈಕಿನ ಇನ್‌ಟೇಕ್ ಅಂತರ ಮುಚ್ಚುತ್ತಲೇ ಇತ್ತು. ಟೈಟಾನಿಯಂ ನಮ್ಮ ಊರಿಗೆ ಒಗ್ಗದು ಎಂದು ತೀರ್ಮಾನಿಸಿ ಉಕ್ಕಿನ ವಾಲ್ವ್, ಅದಕ್ಕೆ ತಕ್ಕ ಸ್ಪ್ರಿಂಗ್ ಎಲ್ಲ ತರಿಸಿ ಹಾಕಿಸಿದೆ. ಮಳೆ ಬಿಟ್ಟು ಅಭ್ಯಾಸ ಮತ್ತೆ ಆರಂಭವಾಗಿ, ಬೇಸಗೆ ಮುಗಿಯುವಷ್ಟರಲ್ಲಿ ಆ ಅಂತರವೂ ಮುಚ್ಚಿತು. ಆಗ ಬಿಳಿಯ ಬಟ್ಟೆ ಹಿಡಿದು ಹುಡುಕಿದಾಗ, ಏರ್ ಬಾಕ್ಸಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರಿನಲ್ಲಿ ಕ್ಲಾಂಪಿನ ಅಡಿಗೆ ಒಂದು ಸೀಳು ಸಿಕ್ಕಿತು. ಕ್ಲಾಂಪ್ ಬಿಗಿದಿದ್ದಾಗ ಅದು ಕಾಣುತ್ತಲೇ ಇರಲಿಲ್ಲ. ಕೆಲವು ನೂರು ರೂಪಾಯಿಯ ರಬ್ಬರ್ ಎರಡು ಜೊತೆ ವಾಲ್ವುಗಳನ್ನು ತಿಂದಿತ್ತು, ಅದನ್ನು ಬದಲಿಸಿದ ಮೇಲೆ ಮೂರನೆಯ ಜೊತೆ ಉಳಿಯಿತು.

ಫಿಲ್ಟರ್ ವಿಷಯದಲ್ಲಿ ಕರಾವಳಿಗೆ ವಿಶೇಷವಾದ ಒಂದು ತೊಡಕಿದೆ. ತೊಳೆದ ಫೋಮ್ ಆಟಿಯ (ಜುಲೈ-ಆಗಸ್ಟ್ ಮಳೆಗಾಲದ) ತೇವದಲ್ಲಿ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಒದ್ದೆಯ ಫೋಮ್ ಎಣ್ಣೆಯನ್ನು ಸಮವಾಗಿ ಹಿಡಿಯುವುದಿಲ್ಲ, ಎಣ್ಣೆ ಹಿಡಿಯದ ಕಡೆ ಧೂಳು ನೇರವಾಗಿ ನುಗ್ಗುತ್ತದೆ. ಎರಡು ಅಥವಾ ಮೂರು ಫಿಲ್ಟರ್ ಇಟ್ಟುಕೊಂಡು, ಪೂರ್ತಿ ಒಣಗಿ ಎಣ್ಣೆ ಹಾಕಿದ್ದನ್ನು ಡಬ್ಬಿಯಲ್ಲಿ ಸಿದ್ಧವಾಗಿಡುವುದೇ ಇದಕ್ಕೆ ಪರಿಹಾರ. ಪೆಟ್ರೋಲಿನಲ್ಲಿ ಫೋಮ್ ತೊಳೆದರೆ ಅದರ ಪದರಗಳ ಅಂಟು ಬಿಡುತ್ತದೆ, ಬೆಂಕಿಯ ಅಪಾಯ ಬೇರೆ. ಫಿಲ್ಟರಿನ ಅಂಚಿಗೆ ಗ್ರೀಸ್ ಸವರಿ ಕೂರಿಸುವುದನ್ನು ಮರೆಯಬಾರದು.

ಆರ್‌ಪಿಎಂ ಏರಿದಂತೆ ತಡವರಿಸುತ್ತದೆ

ಕೆಳಗೆ, ನಡುವೆ ಚೆನ್ನಾಗಿ ಎಳೆಯುವ ಎಂಜಿನ್ ಮೇಲುತುದಿಯಲ್ಲಿ ಮಾತ್ರ ಒಡೆದ ದನಿಯಲ್ಲಿ ಓಡಿದರೆ ಮೊದಲು ಫಿಲ್ಟರ್ ಮತ್ತು ಪೆಟ್ರೋಲ್ ಹರಿವು, ಆಮೇಲೆ ಪ್ಲಗ್ ಮತ್ತು ಕಾಯಿಲ್, ಕೊನೆಗೆ ವಾಲ್ವ್ ಸ್ಪ್ರಿಂಗ್. ದಣಿದ ಸ್ಪ್ರಿಂಗ್ ವಾಲ್ವನ್ನು ಕ್ಯಾಮಿನ ಹಿಂದೆಯೇ ತರಲಾರದೆ ತೇಲಲು ಬಿಡುತ್ತದೆ. ತೇಲುವ ವಾಲ್ವ್ ಸೀಟಿಗೆ ಬಡಿಯುತ್ತದೆ, ಹೆಚ್ಚಾದರೆ ಪಿಸ್ಟನ್ನಿಗೇ ತಾಗುತ್ತದೆ. ಈ ಲಕ್ಷಣವನ್ನು ಸಹಿಸಿಕೊಂಡು ಓಡಿಸಬಾರದು. ಉಕ್ಕಿನ ವಾಲ್ವ್ ಹಾಕಿಸಿದ ಹೊಸತರಲ್ಲೇ ಇದು ಆರಂಭವಾಗಿದ್ದರೆ, ಹಳೆಯ ಟೈಟಾನಿಯಂ ವಾಲ್ವಿನ ಸ್ಪ್ರಿಂಗುಗಳನ್ನೇ ಉಳಿಸಿದ್ದಾರೆ ಎಂದು ಮೊದಲು ಅನುಮಾನಿಸಿ.

ಟಿಕ್ ಟಿಕ್ ಸದ್ದು, ನೀಲಿ ಹೊಗೆ

ಟಿಕ್ ಟಿಕ್ ಸದ್ದು ಹೆಚ್ಚಾದರೆ ಅಂತರ ಹೆಚ್ಚಾಗಿರಬಹುದು, ಆದರೆ ಟೈಮಿಂಗ್ ಚೈನ್ ಮತ್ತು ಅದರ ಟೆನ್ಷನರ್ ಸವೆದಿರುವ ಸಾಧ್ಯತೆ ಇನ್ನೂ ಹೆಚ್ಚು. ಚೈನ್ ಹಲ್ಲು ಹಾರಿದರೆ ವಾಲ್ವುಗಳು ಬಾಗುತ್ತವೆ. ನಿಂತಿದ್ದ ಬೈಕ್ ಸ್ಟಾರ್ಟ್ ಮಾಡಿದಾಗ ಮೊದಲು ನೀಲಿ ಹೊಗೆ ಬಂದು ಆಮೇಲೆ ನಿಂತರೆ ವಾಲ್ವ್ ಸೀಲ್ ಅಥವಾ ಗೈಡ್ (ವಾಲ್ವಿನ ಕಾಂಡ ಜಾರುವ ಕೊಳವೆ), ಥ್ರಾಟಲ್ ಕೊಟ್ಟು ಓಡಿಸುವಾಗಲೆಲ್ಲ ಬಂದರೆ ರಿಂಗ್. ಗೈಡ್ ಸವೆದಿದ್ದರೆ ವಾಲ್ವ್ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂರುವುದರಿಂದ, ಅಂತರ ಬೇಗ ಮುಚ್ಚುವುದಕ್ಕೆ ಅದೂ ಒಂದು ಕಾರಣ.

ಉಕ್ಕಿಗೆ ಬದಲಾಯಿಸುವುದು ಯಾರಿಗೆ ಸರಿ

ಕಾರಣ ಸಿಕ್ಕಿತು, ಧೂಳಿನ ದಾರಿ ಮುಚ್ಚಿತು, ಹೆಡ್ ಹೇಗೂ ಬಿಚ್ಚಬೇಕಾಗಿದೆ ಎಂದಾದ ಮೇಲೆ ಯಾವ ಲೋಹ ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ. 250 ಸಿಸಿಯಲ್ಲಿ ರೇಸಿಗೆ ನಿಂತು ಎಂಜಿನ್ನನ್ನು ಲಿಮಿಟರ್ ತಡೆಯುವ ಗರಿಷ್ಠ ಆರ್‌ಪಿಎಂವರೆಗೆ ತಿರುಗಿಸುವವರು ಟೈಟಾನಿಯಂನಲ್ಲೇ ಉಳಿಯುವುದು ಒಳ್ಳೆಯದು, ಅದನ್ನು ನಿಗದಿತ ಗಂಟೆಗಳಿಗೆ ಬದಲಿಸುವ ಖರ್ಚನ್ನು ರೇಸಿನ ಖರ್ಚೆಂದೇ ಎಣಿಸಬೇಕು. ವಾರಕ್ಕೊಮ್ಮೆ ಅಭ್ಯಾಸ ಮಾಡುವವರಿಗೆ, ಗುಡ್ಡದ ದಾರಿಗಳಲ್ಲಿ ಓಡಿಸುವವರಿಗೆ, ಅಷ್ಟು ಎತ್ತರದ ಆರ್‌ಪಿಎಂ ಬಳಸದ 450 ಸಿಸಿ ಸವಾರರಿಗೆ ಸ್ಟೇನ್‌ಲೆಸ್ ಉಕ್ಕು ನಿಜವಾದ ನೆಮ್ಮದಿ. ಅದರ ಬಾಳಿಕೆ ಮುಖದ ಮೇಲಿನ ತೆಳು ಲೇಪವನ್ನು ಅವಲಂಬಿಸಿಲ್ಲ. ಅದು ಸವೆದರೂ ನಿಧಾನವಾಗಿ, ಎಚ್ಚರಿಕೆ ಕೊಟ್ಟು ಸವೆಯುತ್ತದೆ. ಇದಕ್ಕೆ ಬೆಲೆಯೂ ಇದೆ. ಭಾರದ ವಾಲ್ವಿಗೆ ಬಿಗಿ ಸ್ಪ್ರಿಂಗ್ ಬೇಕು, ಬಿಗಿ ಸ್ಪ್ರಿಂಗ್ ಕ್ಯಾಮ್ ಮತ್ತು ಬಕೆಟಿನ ಮೇಲೆ ಹೆಚ್ಚು ಒತ್ತುತ್ತದೆ, ಎಂಜಿನ್ ಆರ್‌ಪಿಎಂ ಏರುವ ಚುರುಕು ಸ್ವಲ್ಪ ತಗ್ಗುತ್ತದೆ.

ಕೆಲವು ಬೈಕುಗಳನ್ನು ಎರಡನೆಯ, ಮೂರನೆಯ ಕೈಯಿಂದ ಕೊಂಡಿರುತ್ತೇವೆ, ಒಳಗೆ ಯಾವ ವಾಲ್ವ್ ಇದೆ ಎಂಬುದೇ ತಿಳಿದಿರುವುದಿಲ್ಲ. ಅಯಸ್ಕಾಂತ ಹಿಡಿದು ತೀರ್ಮಾನಿಸಬೇಡಿ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ವಾಲ್ವಿಗೆ ಬಳಸುವ ಹಲವು ಸ್ಟೇನ್‌ಲೆಸ್ ಉಕ್ಕುಗಳೂ ಅಂಟುವುದಿಲ್ಲ. ಬಿಚ್ಚಿದ ವಾಲ್ವನ್ನು ಚಿನ್ನದಂಗಡಿಯ ಬಗೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಹೊಸದರ ತೂಕದೊಂದಿಗೆ ಹೋಲಿಸುವುದು ನಂಬಬಹುದಾದ ದಾರಿ.

ವಾಲ್ವ್ ಬದಲಿಸುವುದೆಂದರೆ ವಾಲ್ವ್, ಅದಕ್ಕೆ ಹೊಂದುವ ಸ್ಪ್ರಿಂಗ್, ಸ್ಪ್ರಿಂಗನ್ನು ಹಿಡಿದಿಡುವ ರಿಟೇನರ್, ಸೀಲ್, ಗೈಡಿನ ತಪಾಸಣೆ, ಸೀಟ್ ಕಟಿಂಗ್ ಇವೆಲ್ಲ ಸೇರಿದ ಒಂದೇ ಕೆಲಸ. ಹಳೆಯ ವಾಲ್ವ್ ತುಳಿದು ಅಗಲಿಸಿದ ಸೀಟಿನ ಮೇಲೆ ಹೊಸ ವಾಲ್ವ್ ಸಮವಾಗಿ ಕೂರುವುದಿಲ್ಲ, ಕೂರದ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾರದೆ ಸುಡುತ್ತದೆ. ಗೈಡ್ ಸವೆದಿದ್ದರೆ ಅದನ್ನೇ ಮೊದಲು ಬದಲಿಸಬೇಕು, ಏಕೆಂದರೆ ಸೀಟ್ ಕತ್ತರಿಸುವ ಉಪಕರಣವನ್ನು ನೇರವಾಗಿ ಹಿಡಿಯುವ ಪೈಲಟ್ ಸಲಾಕೆ ನಿಲ್ಲುವುದು ಗೈಡಿನೊಳಗೆ. ಗೈಡ್ ಓರೆಯಾದರೆ ಸೀಟೂ ಓರೆ.

ಈ ಕೆಲಸ ಮನೆಯಂಗಳದ್ದಲ್ಲ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ, ಮಲ್ಪೆ ಬಂದರಿನ ಸುತ್ತ, ಲಾರಿ ಮತ್ತು ಮೀನುಗಾರಿಕೆ ದೋಣಿಗಳ ಡೀಸೆಲ್ ಹೆಡ್‌ಗಳಲ್ಲಿ ಪಳಗಿದ ಕೈಗಳಿವೆ. ಆದರೆ ಮೋಟೋಕ್ರಾಸ್ ವಾಲ್ವಿನ ಕಾಂಡ ಸುಮಾರು 4ರಿಂದ 6 ಮಿ.ಮೀ. ಮಾತ್ರ. ಅಷ್ಟು ಸಣ್ಣ ಪೈಲಟ್ ಇದೆಯೇ, ಮೂರು ಕೋನದಲ್ಲಿ ಕತ್ತರಿಸಿ ಕೂರುವ ಪಟ್ಟಿಯ ಅಗಲವನ್ನು ಕೈಪಿಡಿಯ ಅಳತೆಗೆ ತರುತ್ತಾರೆಯೇ, ವಾಲ್ವ್ ಸುತ್ತಲೂ ಸಮವಾಗಿ ಕೂರುವುದನ್ನು ನೀಲಿ ಬಣ್ಣ ಸವರಿ ತೋರಿಸುತ್ತಾರೆಯೇ ಎಂದು ಮೊದಲೇ ಕೇಳಬೇಕು. ಟೈಟಾನಿಯಂ ವಾಲ್ವನ್ನು ಗ್ರೈಂಡಿಂಗ್ ಪೇಸ್ಟ್ ಹಾಕಿ ತಿರುಗಿಸುತ್ತೇನೆ ಎಂದವರಿಂದ ಹೆಡ್ಡನ್ನು ಹಿಂದೆ ಪಡೆಯಿರಿ. ಆ ಪೇಸ್ಟ್ ಹೊಸ ಲೇಪವನ್ನು ಐದು ನಿಮಿಷದಲ್ಲಿ ಮುಗಿಸುತ್ತದೆ. ಹಿಂದೆ ಯಾರಾದರೂ ಟೈಟಾನಿಯಂಗಾಗಿ ಬೆರಿಲಿಯಂ ತಾಮ್ರದ ಸೀಟ್ ಹಾಕಿಸಿದ್ದರೆ ಅದನ್ನು ಕತ್ತರಿಸುವವರಿಗೆ ತಪ್ಪದೆ ತಿಳಿಸಬೇಕು. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ, ಅದನ್ನು ಒಣಗಿದ್ದಂತೆಯೇ ಉಜ್ಜಬಾರದು, ಗಾಳಿ ಊದಿ ಹಾರಿಸಲೂಬಾರದು.

ಉಕ್ಕಿನ ವಾಲ್ವ್ ಹಾಕಿದ ಮೇಲೂ ಹಟ ಬಿಡದಿದ್ದರೆ

ಮೊದಲ ಸಲ ಬಿಸಿಮಾಡಿ ತಣಿಸಿದ ಮೇಲೆ, ಮತ್ತೆ ಒಂದು ಗಂಟೆ ಓಡಿಸಿದ ಮೇಲೆ ಅಂತರ ಅಳೆಯಬೇಕು. ಸ್ವಲ್ಪ ಕದಲುವುದು ಸಹಜ. ಹತ್ತು ಗಂಟೆಯೊಳಗೆ ಎರಡನೆಯ ಸಲವೂ ಕದಲಿದರೆ ಸೀಟ್ ಓರೆಯಾಗಿದೆ, ಗೈಡ್ ಸಡಿಲವಾಗಿದೆ ಅಥವಾ ಧೂಳು ಇನ್ನೂ ಬರುತ್ತಿದೆ. ಹೆಡ್ ಬೈಕಿನ ಮೇಲೆ ಇಲ್ಲದಿರುವಾಗ ಸುಲಭದ ಒಂದು ಪರೀಕ್ಷೆಯಿದೆ: ವಾಲ್ವುಗಳನ್ನು ಸ್ಪ್ರಿಂಗ್ ಸಮೇತ ಜೋಡಿಸಿ, ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು, ದಹನ ಕೋಣೆಯ ಕಡೆ ಜಿನುಗುತ್ತದೆಯೇ ಎಂದು ನೋಡುವುದು. ಹೆಡ್ ಜೋಡಿಸುವ ಮೊದಲೇ ಇದನ್ನು ನಿಮ್ಮ ಎದುರು ಮಾಡಿ ತೋರಿಸಲು ಕೇಳಿ. ಮಳೆಗಾಲಕ್ಕೆ ಬೈಕ್ ನಿಲ್ಲಿಸುವವರು ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲುತುದಿಗೆ ತಂದು ನಿಲ್ಲಿಸಿದರೆ ಎಲ್ಲ ವಾಲ್ವುಗಳೂ ಮುಚ್ಚಿರುತ್ತವೆ, ಉಪ್ಪು ಬೆರೆತ ತೇವ ಸೀಟಿನವರೆಗೆ ಹೋಗುವುದಿಲ್ಲ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಓಡುತ್ತಿದ್ದ ಎಂಜಿನ್ ಲೋಹದ ಸದ್ದಿನೊಂದಿಗೆ ನಿಂತರೆ, ಕಿಕ್ ಇದ್ದಕ್ಕಿದ್ದಂತೆ ಹಗುರವಾದರೆ, ಅಥವಾ ಅರ್ಧದಲ್ಲಿ ಕಲ್ಲಿಗೆ ತಾಗಿದಂತೆ ಕಿಕ್ ನಿಂತರೆ, ಮತ್ತೊಂದು ಕಿಕ್ ಹೊಡೆಯಬಾರದು, ತಳ್ಳಿ ಸ್ಟಾರ್ಟ್ ಮಾಡಲೂಬಾರದು. ವಾಲ್ವಿನ ತಲೆ ಮುರಿದು ಒಳಗೆ ಬಿದ್ದಿದ್ದರೆ ಒಂದೊಂದು ಸುತ್ತಿಗೂ ಪಿಸ್ಟನ್, ಸಿಲಿಂಡರ್ ಗೋಡೆ, ಹೆಡ್ ಮೂರೂ ಜಜ್ಜುತ್ತವೆ. ಬೈಕನ್ನು ಪಿಕಪ್ಪಿಗೆ ಏರಿಸಿ ತಂದು ಹೆಡ್ ಬಿಚ್ಚಿಸಬೇಕು. ಹಾಗೆ ಬಿಚ್ಚಿದಾಗ ಮೇಲಿನ ಭಾಗಗಳನ್ನಷ್ಟೇ ಬದಲಿಸಿ ಮುಚ್ಚುವುದಕ್ಕೆ ಒಪ್ಪಬೇಡಿ: ಮುರಿದ ಲೋಹದ ಚೂರುಗಳು ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತವೆ, ಎಣ್ಣೆ ಪಂಪಿನ ಜಾಲರಿ, ಎಣ್ಣೆಯ ಹಾದಿಗಳು ಮತ್ತು ಕಾನ್‌ರಾಡ್‌ನ ಬೇರಿಂಗನ್ನು ತೊಳೆದು ಪರೀಕ್ಷಿಸಿದ ನಂತರವೇ ಹೊಸ ವಾಲ್ವುಗಳನ್ನು ಹೊತ್ತ ಹೆಡ್ ಅದರ ಮೇಲೆ ಕೂರಬೇಕು.